ಸ್ವರ್ಗಕ್ಕೆ ಹೊರಟ ಬಸ್ಸು ಕೊಕ್ಕಡ ಕಡೆ ತಿರುಗುವುದಿಲ್ಲವೇಕೆ?

ಚರ್ಚಿನ ಯುವಜನ ಸಂಘಗಳ ಬಾಯಲ್ಲಿ ಒಂದು ಶಬ್ದ ಬಹಳ ವರ್ಷಗಳಿಂದ ಓಡಾಡುತ್ತಿದೆ: ‘ಎಕ್ಸ್‌ಪೋಶರ್ ಕ್ಯಾಂಪ್’. ಹುಡುಗ ಹುಡುಗಿಯರನ್ನು ಒಂದೆರಡು ದಿನ ಹಳ್ಳಿಗೋ ಕಾಲೊನಿಗೋ ಕರೆದುಕೊಂಡು ಹೋಗುವುದು. ಅಲ್ಲಿಯವರ ಜೊತೆ ಉಂಡು, ಅವರ ಜಗಲಿಯಲ್ಲಿ ಮಲಗಿ, ಅವರ ಕಷ್ಟ ಎಂಥದ್ದೆಂದು ಕಣ್ಣಾರೆ ಕಂಡು ಬರುವುದು. ಉದ್ದೇಶ ಒಳ್ಳೆಯದೇ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಹಳೆಯ ಫೋಟೋ ಸ್ಟುಡಿಯೋದವರನ್ನು ಕೇಳಿದರೆ ಇದೇ ಶಬ್ದಕ್ಕೆ ಬೇರೆ ಅರ್ಥ ಹೇಳಿಯಾರು. ರೀಲು ಹಾಕಿ ಫೋಟೋ ತೆಗೆಯುತ್ತಿದ್ದ ಕಾಲದಲ್ಲಿ ಎಕ್ಸ್‌ಪೋಶರ್ ಕಡಿಮೆಯಾದರೆ ಚಿತ್ರ ಕಪ್ಪು, ಹೆಚ್ಚಾದರೆ ಬಿಳಿ. ಎರಡರಲ್ಲೂ ಮುಖ ಕಾಣುವುದಿಲ್ಲ. ನಮ್ಮ ಗಡಿಯ ಹಳ್ಳಿಗಳಲ್ಲಿ ಕೆಲವಕ್ಕೆ ಬೆಳಕು ಬಿದ್ದದ್ದು ಹೆಚ್ಚಾಯಿತು, ಇನ್ನು ಕೆಲವಕ್ಕೆ ಬೀಳಲೇ ಇಲ್ಲ. ಈ ಬರಹದ ವಿಷಯ ಅದು.

ಬಂದವರ ಊರು

ಧರ್ಮಸ್ಥಳ–ಸುಬ್ರಹ್ಮಣ್ಯ ರಸ್ತೆಯಲ್ಲಿ ಓಡಾಡುವ ಪ್ರಯಾಣಿಕರಿಗೆ ಇಚಿಲಂಪಾಡಿಯ ಪರಿಚಯ ಹೇಳಬೇಕಾಗಿಲ್ಲ. ಪೆರಿಯಶಾಂತಿ ಮತ್ತು ಮರ್ದಾಳದ ನಡುವೆ ಸಿಗುವ ಊರು. ಒಂದು ಕಾಲಕ್ಕೆ ಪುತ್ತೂರು ತಾಲೂಕು, ಈಗ ಕಡಬ ತಾಲೂಕು. ರಸ್ತೆಯ ಎರಡು ಬದಿಗೂ ಅಡಿಕೆ, ರಬ್ಬರು. ಅಂಗಡಿಯ ಬೆಂಚಿನಲ್ಲಿ ಕೂತರೆ ತುಳು, ಕನ್ನಡ, ಮಲಯಾಳ ಮೂರೂ ಕಿವಿಗೆ ಬೀಳುತ್ತವೆ.

ಈ ಮಲಯಾಳ ಎಲ್ಲಿಂದ ಬಂತು? ಕಳೆದ ಶತಮಾನದ ನಡುಭಾಗದಲ್ಲಿ ತಿರುವಾಂಕೂರಿನ ಸಿರಿಯನ್ ಕ್ರೈಸ್ತ ಕುಟುಂಬಗಳು ಉತ್ತರಕ್ಕೆ ಗುಳೆ ಹೊರಟವು. ಎರಡನೆಯ ಮಹಾಯುದ್ಧದ ಸಮಯದ ಅಕ್ಕಿಯ ಅಭಾವ, ಊರಿನಲ್ಲಿ ತುಂಡು ತುಂಡಾದ ಜಮೀನು, ಇತ್ತ ಮಲಬಾರ್ ಮತ್ತು ದಕ್ಷಿಣ ಕನ್ನಡದಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಕಾಡುಗುಡ್ಡೆ. ಅಲ್ಲಿ ಒಂದೆಕರೆ ಮಾರಿದರೆ ಇಲ್ಲಿ ಹತ್ತಾರು ಎಕರೆ ಎಂಬ ಲೆಕ್ಕ. ಬಂದವರು ಮೊದಲು ಮರಗೆಣಸು ನೆಟ್ಟರು, ಆಮೇಲೆ ರಬ್ಬರು. ಮಲೇರಿಯಾಕ್ಕೆ ಎಷ್ಟೋ ಜನರನ್ನು ಕಳೆದುಕೊಂಡರು. ಉಳಿದವರು ಊರಿನವರಾದರು. ಕಡಬ, ನೆಲ್ಯಾಡಿ ಕಡೆಯ ಚರ್ಚುಗಳ ಹಿಂದೆ ಇರುವುದು ಈ ಕಥೆಯೇ. 1999ರಲ್ಲಿ ಬೆಳ್ತಂಗಡಿಗೆ ಸಿರೊ ಮಲಬಾರ್ ಧರ್ಮಪ್ರಾಂತ, 2010ರಲ್ಲಿ ಪುತ್ತೂರಿಗೆ ಸಿರೊ ಮಲಂಕರ ಧರ್ಮಪ್ರಾಂತ ಬಂದದ್ದೂ ಇದೇ ಗುಳೆಯ ಮುಂದುವರಿಕೆ.

ಹೀಗಾಗಿ ಗಡಿ ಎಂದರೆ ಎಂತದು ಎಂದು ಇಲ್ಲಿನ ಹಳಬರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಮೊದಮೊದಲು ಬಂದವರು ಹೊರಟದ್ದು ತಿರುವಾಂಕೂರು ಸಂಸ್ಥಾನದಿಂದ, ಇಳಿದದ್ದು ಮದ್ರಾಸ್ ಪ್ರಾಂತ್ಯದಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಹೊಸದಾಗಿ ಎಳೆದಾಗ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಅದೇ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಕನ್ನಡ, ತುಳು ಮಾತಾಡುವ ಹಳ್ಳಿಗಳು ಅತ್ತ ಉಳಿದವು. ಮಲಯಾಳ ಮಾತಾಡುವ ಮನೆಗಳು ಇತ್ತ ಉಳಿದವು.

ಆಕಾಶದಿಂದ ಬಿದ್ದ ಮದ್ದು

ಈಗ ಇಚಿಲಂಪಾಡಿ ಕಡೆಯ ಚರ್ಚಿನ ಯುವಕರ ತಂಡವೊಂದು ಗಡಿಯಾಚೆಯ ಹಳ್ಳಿ ನೋಡಲು ಹೊರಟಿತು ಎಂದಿಟ್ಟುಕೊಳ್ಳಿ. ಬಸ್ಸು ಪೆರಿಯಶಾಂತಿಯಲ್ಲಿ ಹೆದ್ದಾರಿ ಹಿಡಿದು ನೆಲ್ಯಾಡಿ, ಉಪ್ಪಿನಂಗಡಿ, ಪುತ್ತೂರು ದಾಟುತ್ತದೆ. ಪಾಣಾಜೆ, ಆರ್ಲಪದವು ಕಳೆದರೆ ಕೇರಳ. ಅಲ್ಲಿ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ. ಬಸ್ಸು ನಿಲ್ಲುವ ಜಾಗದ ಹೆಸರು ಸ್ವರ್ಗ.

ಈ ಸ್ವರ್ಗದ ಕಥೆ ಪೇಪರ್ ಓದುವವರಿಗೆ ಹೊಸತಲ್ಲ. ಗುಡ್ಡೆಯ ನೆತ್ತಿಯಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಗೇರಿನ ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಬಿಟ್ಟರು. ಮದ್ದು ಬಿಡುವಾಗ ಬಾವಿ, ಕೆರೆ ಮುಚ್ಚಬೇಕು ಎಂಬುದು ನಿಯಮ. ಆದರೆ ಪಡ್ರೆಯ ಮನೆಗಳಿಗೆ ಕುಡಿಯುವ ನೀರು ಬರುವುದು ಗುಡ್ಡೆಗೆ ಅಡ್ಡ ಕೊರೆದ ಸುರಂಗದಿಂದ, ಹರಿಯುವ ತೋಡಿನಿಂದ. ತೋಡನ್ನು ಮುಚ್ಚುವುದು ಹೇಗೆ ಸ್ವಾಮಿ?

ಕರುಗಳು ವಿಕಾರವಾಗಿ ಹುಟ್ಟುತ್ತಿವೆ ಎಂದು ಮೊದಮೊದಲು ಬರೆದವರಲ್ಲಿ ಅದೇ ಊರಿನ ಪತ್ರಕರ್ತ ಶ್ರೀ ಪಡ್ರೆ ಒಬ್ಬರು. ಆಮೇಲೆ ಮಕ್ಕಳ ಸರದಿ. ವಾಣೀನಗರದಲ್ಲಿ ಚಿಕ್ಕ ದವಾಖಾನೆ ಇಟ್ಟಿದ್ದ ಡಾ. ವೈ. ಎಸ್. ಮೋಹನ ಕುಮಾರ್, ತನ್ನಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಮೂರ್ಛೆರೋಗ, ಕ್ಯಾನ್ಸರು ಯಾಕೆ ಇಷ್ಟು ಹೆಚ್ಚು ಎಂದು ಕೇಳತೊಡಗಿದರು. 1998ರಲ್ಲಿ ಲೀಲಾಕುಮಾರಿ ಅಮ್ಮ ಎಂಬ ಕೃಷಿ ಇಲಾಖೆಯ ಅಧಿಕಾರಿ ಹೊಸದುರ್ಗದ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2001ರಲ್ಲಿ ಪಡ್ರೆಯ ನೀರು, ಮಣ್ಣು, ರಕ್ತ ಪರೀಕ್ಷೆ ಮಾಡಿ ವಿಷ ಇದೆ ಎಂದಿತು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಜಗತ್ತಿನ ದೇಶಗಳು ಎಂಡೋಸಲ್ಫಾನನ್ನು ನಿಷೇಧಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅನ್ವಯಿಸುವಂತೆ ಅದರ ತಯಾರಿ, ಮಾರಾಟ, ಬಳಕೆ ನಿಲ್ಲಿಸಿತು.

ಎಲ್ಲ ಕಾಯಿಲೆಗೂ ಇದೊಂದೇ ಕಾರಣವೇ ಎಂದು ಪ್ರಶ್ನಿಸುವ ವಿಜ್ಞಾನಿಗಳು ಇದ್ದಾರೆ. ಅವರ ವಾದ ಅವರಿಗಿರಲಿ. ಜನ ಕುಡಿಯುವ ನೀರಿನ ಮೇಲೆ ಇಪ್ಪತ್ತು ವರ್ಷ ಮದ್ದು ಬಿಟ್ಟದ್ದು ಸರಿ ಎಂದು ಹೇಳಲು ಯಾವ ವಿಜ್ಞಾನವೂ ಬೇಕಾಗಿಲ್ಲ.

ನೋಡಲು ಬಂದವರ ಸಾಲು

ಅಂದಿನಿಂದ ಪಡ್ರೆಗೆ ಬಂದವರಿಗೆ ಲೆಕ್ಕವಿಲ್ಲ. ಮಂತ್ರಿಗಳು ಬಂದರು, ಆಯೋಗದವರು ಬಂದರು, ಕಾಲೇಜಿನವರು, ಕ್ಯಾಮರಾದವರು, ಕಥೆಗಾರರು ಬಂದರು. ಅಂಬಿಕಾಸುತನ್ ಮಾಂಙಾಡ್ 2009ರಲ್ಲಿ ‘ಎಣ್ಮಕಜೆ’ ಎಂದೇ ಮಲಯಾಳದಲ್ಲಿ ಕಾದಂಬರಿ ಬರೆದರು. ತಲೆ ದೊಡ್ಡದಾದ ಮಗುವಿನ ಫೋಟೋ ದೇಶವೆಲ್ಲ ಸುತ್ತಿತು. ಇದರಿಂದ ಲಾಭ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆ ಫೋಟೋಗಳಿಲ್ಲದಿದ್ದರೆ ನಿಷೇಧವೂ ಇಲ್ಲ, ಪರಿಹಾರವೂ ಇಲ್ಲ.

ಆದರೆ ನಿಷೇಧ ಬಂದ ಮೇಲೂ ನೋಡಲು ಬರುವವರಿದ್ದಾರೆ. ಹಾಸಿಗೆ ಹಿಡಿದ ಮಗನನ್ನು ಇಪ್ಪತ್ತೈದು ಮೂವತ್ತು ವರ್ಷದಿಂದ ಎತ್ತಿ ಇಳಿಸಿ ಸೊಂಟ ಬಿದ್ದುಹೋದ ಅಮ್ಮ ಬಂದವರಿಗೆ ಮತ್ತೆ ಮೊದಲಿನಿಂದ ಕಥೆ ಹೇಳಬೇಕು. ಬಂದವರು ಕಣ್ಣೊರೆಸಿಕೊಳ್ಳುತ್ತಾರೆ, ಅಕ್ಕಿಯ ಕಿಟ್ಟು ಕೊಡುತ್ತಾರೆ, ಫೋಟೋ ತೆಗೆಯುತ್ತಾರೆ. ಸಂಜೆಯ ಬಸ್ಸಿನಲ್ಲಿ ಹಾಡು. ಮುಂದಿನ ಆದಿತ್ಯವಾರ ಚರ್ಚಿನಲ್ಲಿ ಅನುಭವ ಹಂಚಿಕೊಳ್ಳುವ ಕಾರ್ಯಕ್ರಮ. ‘ನಾವು ಎಷ್ಟು ಪುಣ್ಯವಂತರು ಎಂದು ಗೊತ್ತಾಯಿತು’ ಎಂಬ ಮಾತು ಒಂದು ಬಾಯಲ್ಲಾದರೂ ಬಾರದೆ ಇರುವುದಿಲ್ಲ.

ಈ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಇನ್ನೊಬ್ಬರ ಸಂಕಟ ನಮ್ಮ ಪುಣ್ಯ ಅಳೆಯುವ ತಕ್ಕಡಿಯೇ? ಅಮ್ಮ ಆ ದಿನ ಖರ್ಚು ಮಾಡಿದ ಎರಡು ಗಂಟೆಯ ಮಾತಿಗೆ ಅಷ್ಟೇ ಬೆಲೆಯೇ? ವ್ಯಾಪಾರದ ಭಾಷೆಯಲ್ಲಿ ಹೇಳಿದರೆ, ಸಾಮಾನು ತಕ್ಕೊಂಡು ಹೋದವರು ಲೆಕ್ಕ ಬಾಕಿ ಇಟ್ಟು ಹೋದ ಹಾಗೆ.

ಹೆದ್ದಾರಿ ದಾಟಿದರೆ ಕೊಕ್ಕಡ

ಇನ್ನು ಅಸಲು ಸಂಗತಿಗೆ ಬರೋಣ. ಇಚಿಲಂಪಾಡಿಯಿಂದ ಬಂದ ಬಸ್ಸು ಪೆರಿಯಶಾಂತಿಯಲ್ಲಿ ನೆಲ್ಯಾಡಿ ಕಡೆ ತಿರುಗದೆ ಹೆದ್ದಾರಿ ದಾಟಿ ನೇರ ಹೋದರೆ ಸಿಗುವುದು ಕೊಕ್ಕಡ. ಧರ್ಮಸ್ಥಳಕ್ಕೆ ಹೋಗುವವರೆಲ್ಲ ಕಿಟಕಿಯಿಂದ ನೋಡುವ ಪೇಟೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಗ್ರಾಮಗಳ ಗುಡ್ಡೆಯಲ್ಲಿಯೂ ಗೇರು ತೋಟ ಇತ್ತು. ಮಾಲೀಕರು ಮಾತ್ರ ಬೇರೆ, ಕರ್ನಾಟಕ ಗೇರು ಅಭಿವೃದ್ಧಿ ನಿಗಮ. ಸೊಳ್ಳೆ ಅದೇ, ಎಂಡೋಸಲ್ಫಾನ್ ಅದೇ, ಆಕಾಶದಿಂದ ಬಿಟ್ಟ ಕ್ರಮವೂ ಅದೇ. ಆಮೇಲೆ ಹಾಸಿಗೆ ಹಿಡಿದ ಮಕ್ಕಳೂ ಅದೇ ಬಗೆ.

ಕೇರಳ ತನ್ನ ನೆಲದಲ್ಲಿ ಎಂಡೋಸಲ್ಫಾನ್ ನಿಲ್ಲಿಸಿದ ಮೇಲೂ ಕರ್ನಾಟಕ ನಿಷೇಧ ಹಾಕಲು 2011ರ ಫೆಬ್ರವರಿ ಬರಬೇಕಾಯಿತು. ಕೊಕ್ಕಡದಲ್ಲಿ ಸಂತ್ರಸ್ತರೇ ಬೀದಿಗಿಳಿದು ಹೋರಾಡಿದರು. ಉಡುಪಿಯ ಡಾ. ರವೀಂದ್ರನಾಥ ಶಾನುಭಾಗರು ಕರಾವಳಿಯ ಸಂತ್ರಸ್ತರ ಪರವಾಗಿ ವರ್ಷಗಟ್ಟಲೆ ದನಿ ಎತ್ತಿದರು. ಅಂಗವೈಕಲ್ಯದ ಪ್ರಮಾಣ ನೋಡಿ ತಿಂಗಳ ಮಾಸಾಶನ ನಿಗದಿಯಾಯಿತು. ಕೊಕ್ಕಡದಲ್ಲಿಯೂ ಉಪ್ಪಿನಂಗಡಿ–ಕಡಬ ರಸ್ತೆಯ ಕೊಯ್ಲದಲ್ಲಿಯೂ ಹಗಲು ಹೊತ್ತು ಸಂತ್ರಸ್ತ ಮಕ್ಕಳನ್ನು ನೋಡಿಕೊಳ್ಳುವ ಪಾಲನಾ ಕೇಂದ್ರ ತೆರೆದರು.

ಹೀಗಿರುವಾಗ ಇಚಿಲಂಪಾಡಿಯ ಹುಡುಗರು ಮೂರು ಪೇಟೆ ದಾಟಿ, ಒಂದು ರಾಜ್ಯ ದಾಟಿ ಹೋಗಿ ನೋಡಬೇಕಾದ್ದು ಏನಿದೆ? ಪಡ್ರೆ ಹೆಸರು ಮಾಡಿತು, ಕೊಕ್ಕಡ ಮಾಡಲಿಲ್ಲ. ದೂರದ ಕಷ್ಟ ನೋಡಿ ಬಂದರೆ ಮರುದಿನ ಮನೆಯಲ್ಲಿ ಸುಮ್ಮನೆ ಕೂರಬಹುದು. ಹತ್ತಿರದ್ದು ಹಾಗಲ್ಲ. ಅದು ಮರುದಿನವೂ ಅದೇ ಬಸ್‌ಸ್ಟಾಪಿನಲ್ಲಿ ಎದುರಾಗುತ್ತದೆ, ಹೆಸರು ಹಿಡಿದು ಮಾತಾಡಿಸುತ್ತದೆ. ಹತ್ತಿರದ್ದಕ್ಕೆ ‘ಕ್ಯಾಂಪ್’ ಇಲ್ಲದಿರುವುದು ಇದೇ ಕಾರಣಕ್ಕೋ ಏನೋ.

ವಿಷಕ್ಕಿಲ್ಲದ ಗಡಿ ಪರಿಹಾರಕ್ಕೆ

ಹಾಗಾದರೆ ಗಡಿ ದಾಟುವುದೇ ಬೇಡವೇ? ಬೇಕು. ಕೊಕ್ಕಡ ನೋಡಿದ ಮೇಲೆ ಪಡ್ರೆಗೆ ಹೋದರೆ ಮೊದಲು ಕಾಣದ್ದು ಕಾಣುತ್ತದೆ. ವಿಷ ಗಡಿ ನೋಡಿ ಬೀಳಲಿಲ್ಲ, ಪರಿಹಾರ ಮಾತ್ರ ಗಡಿ ನೋಡಿ ಬಿತ್ತು.

ಕೇರಳದಲ್ಲಿ 11 ಪಂಚಾಯತುಗಳನ್ನು ಬಾಧಿತ ಎಂದು ಗುರುತಿಸಿದರು. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಪ್ರತಿಯೊಬ್ಬ ಸಂತ್ರಸ್ತರಿಗೆ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಕೇರಳ ಸರಕಾರಕ್ಕೆ ಆದೇಶಿಸಿತು. ಮೂರು ತಿಂಗಳು ಐದು ವರ್ಷವಾಯಿತು. 2022ರ ಮೇಯಲ್ಲಿ ಕೋರ್ಟಿನ ಮುಂದೆ ಬಂದ ಲೆಕ್ಕದ ಪ್ರಕಾರ 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು ಕೋರ್ಟಿಗೆ ಹೋದ 8 ಮಂದಿಗೆ. ಛೀಮಾರಿ ಬಿದ್ದ ಮೇಲೆ ಹಂಚಿಕೆ ಚುರುಕಾಯಿತು. ಕೊಕ್ಕಡದವರಿಗೆ ಈ 5 ಲಕ್ಷದ ಆದೇಶ ಇಲ್ಲ, ಅವರದು ಮಾಸಾಶನದ ದಾರಿ. ಯಾವುದು ಮೇಲು ಎಂದು ಕೇಳುವುದು ಬೇಡ. ಒಂದೇ ವಿಷಕ್ಕೆ ಎರಡು ನಮೂನೆ ಲೆಕ್ಕ ಯಾಕೆ ಎಂಬುದು ಪ್ರಶ್ನೆ. ಪಡ್ರೆಯಲ್ಲಿ ಹುಟ್ಟಿದ ಮಗಳನ್ನು ಪಾಣಾಜೆ ಕಡೆಗೆ ಮದುವೆ ಮಾಡಿ ಕೊಟ್ಟರೆ ಅವಳ ಹೆಸರು ಯಾವ ಪಟ್ಟಿಯಲ್ಲಿ ಇರಬೇಕು?

ಇನ್ನೂ ಒಂದುಂಟು. ಉಳಿದ ಎಂಡೋಸಲ್ಫಾನನ್ನು ತೋಟದೊಳಗಿನ ಪಾಳು ಬಾವಿಗೆ ಸುರಿದಿದ್ದಾರೆ ಎಂಬ ದೂರು ನೆಟ್ಟಣಿಗೆಯ ಮಿಂಚಿನಪದವು ಗೇರು ತೋಟದಿಂದ ಬಂತು. ಬಾವಿ ಕೇರಳದ ನೆಲದಲ್ಲಿ, ಪಕ್ಕದ ನೆಟ್ಟಣಿಗೆ ಮುಡ್ನೂರು ಪುತ್ತೂರು ತಾಲೂಕಿನಲ್ಲಿ. ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ನೆಲದಡಿಯ ನೀರು ಯಾವ ರಾಜ್ಯದ್ದು ಎಂದು ಕೇಳಿ ಹರಿಯುವುದಿಲ್ಲವಲ್ಲ.

ಗಡಿ ಮನುಷ್ಯರಿಗೆ ಎಷ್ಟು ಗಟ್ಟಿ ಎಂಬುದನ್ನು 2020ರ ಮಾರ್ಚಿನಲ್ಲಿ ಎಲ್ಲರೂ ಕಂಡರು. ಕೊರೋನಾ ಹೆದರಿಕೆಯಲ್ಲಿ ಕರ್ನಾಟಕ ಸರಕಾರ ಕಾಸರಗೋಡಿನ ದಾರಿಗಳಿಗೆ ಮಣ್ಣು ಸುರಿಯಿತು. ಡಯಾಲಿಸಿಸ್‌ಗೂ ಹೆರಿಗೆಗೂ ಮಂಗಳೂರನ್ನೇ ನಂಬಿದ್ದ ಜನ ತಲಪಾಡಿಯಿಂದ ಹಿಂದೆ ಹೋಗಬೇಕಾಯಿತು. ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಅಡೆತಡೆ ತೆಗೆಸುವಂತೆ ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಗೇರು ಬೀಜ ಸಲೀಸಾಗಿ ದಾಟುವ ಗಡಿಯಲ್ಲಿ ಕಾಯಿಲೆಯವರು ಸಿಕ್ಕಿಬಿದ್ದರು.

ಎರಡು ಭಾಷೆಯ ಬಂಡವಾಳ

ಇಲ್ಲಿಯೇ ಇಚಿಲಂಪಾಡಿಯವರ ಕೈಯಲ್ಲಿ ಬೇರೆಯವರಿಗಿಲ್ಲದ ಒಂದು ಬಂಡವಾಳ ಉಂಟು. ದುಡ್ಡಲ್ಲ, ಭಾಷೆ.

ಎಣ್ಮಕಜೆಯ ಮನೆಗಳ ಮಾತು ತುಳು, ಕನ್ನಡ, ಮರಾಠಿ. ಹಳಬರು ಓದಿದ್ದು ಕನ್ನಡ ಶಾಲೆಯಲ್ಲಿ. ಆದರೆ ಅವರ ಸರಕಾರ ಇರುವುದು ತಿರುವನಂತಪುರದಲ್ಲಿ. ಭಾಷಾ ಅಲ್ಪಸಂಖ್ಯಾತರಿಗೆ ಕನ್ನಡದಲ್ಲಿಯೇ ಅರ್ಜಿ, ಆದೇಶ ಸಿಗಬೇಕೆಂದು ಕಾಸರಗೋಡಿನ ಕನ್ನಡಿಗರು ದಶಕಗಳಿಂದ ಕೇಳುತ್ತ ಬಂದಿದ್ದಾರೆ. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ತಂದಾಗ ಅಲ್ಲಿ ಪ್ರತಿಭಟನೆಯೂ ಆಯಿತು. ಅದೇನೇ ಇರಲಿ, ಮಲಯಾಳ ಕಾಗದ ಕೈಯಲ್ಲಿ ಹಿಡಿದು ‘ಇದರಲ್ಲಿ ಎಂತ ಬರೆದಿದ್ದಾರೆ?’ ಎಂದು ಕೇಳಬೇಕಾದ ಅಮ್ಮನಿಗೆ ಅಂದಿನ ಮಟ್ಟಿಗೆ ಕಾನೂನು ಬೇಡ, ಓದಿ ಹೇಳುವ ಜನ ಬೇಕು.

ಇಚಿಲಂಪಾಡಿ, ನೆಲ್ಯಾಡಿ, ಕಡಬದ ಚರ್ಚುಗಳಲ್ಲಿ ಅಜ್ಜ ಅಜ್ಜಿಯಂದಿರಿಗೆ ಮಲಯಾಳ ಓದಲು ಬರುತ್ತದೆ, ಮೊಮ್ಮಕ್ಕಳಿಗೆ ಕನ್ನಡ ಬರೆಯಲು ಬರುತ್ತದೆ, ಮನೆಗೆಲ್ಲ ತುಳು ಗೊತ್ತು. ಒಂದು ಬೆಂಚಿನಲ್ಲಿ ಅಜ್ಜ, ಮೊಮ್ಮಗಳು, ಪಡ್ರೆಯ ಅಮ್ಮ ಮೂವರು ಕೂತರೆ ಯಾವ ಸರಕಾರಿ ಕಾಗದವೂ ಉಳಿಯುವುದಿಲ್ಲ. ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಬರುವ ದೊಡ್ಡ ತಂಡಕ್ಕೆ ಇದು ಸುಲಭವಲ್ಲ. ಅಕ್ಕಿಯ ಕಿಟ್ಟು ಯಾರೂ ಕೊಡಬಹುದು. ಕಾಗದ ಓದಿ ಹೇಳುವುದು ಗಡಿಯ ಎರಡೂ ಬದಿ ಗೊತ್ತಿದ್ದವರಿಗೇ ಸಾಧ್ಯ.

ಇನ್ನೊಂದು ಕೆಲಸ ಇನ್ನೂ ಸಣ್ಣದು. ಹಾಸಿಗೆ ಹಿಡಿದ ಮಕ್ಕಳಿರುವ ಮನೆಯ ತಾಯಿಗೆ ಮದುವೆ, ಬೊಜ್ಜ, ಸಂತೆ, ಬ್ಯಾಂಕು ಯಾವುದಕ್ಕೂ ಹೊರಡಲಾಗುವುದಿಲ್ಲ. ತಿಂಗಳಿಗೆ ಒಂದು ದಿನ, ತರಬೇತಿ ಪಡೆದ ಇಬ್ಬರು ಬಂದು ‘ಅಕ್ಕಾ, ನೀವು ಹೋಗಿ ಬನ್ನಿ, ಸಂಜೆವರೆಗೆ ನಾವು ಇರುತ್ತೇವೆ’ ಎಂದರೆ ಅದು ಹತ್ತು ಕಿಟ್ಟಿಗೆ ಸಮ. ಇದಕ್ಕೆ ಪಡ್ರೆಯವರೆಗೂ ಹೋಗಬೇಕಾಗಿಲ್ಲ. ಕೊಕ್ಕಡಕ್ಕೆ ಬೆಳಗ್ಗಿನ ಬಸ್ಸು ಹಿಡಿದರೆ ಸಾಕು. ಆ ತಾಯಂದಿರಿಗೆ ವಯಸ್ಸಾಗುತ್ತಿದೆ. ‘ನನ್ನ ನಂತರ ಇವನನ್ನು ನೋಡುವವರು ಯಾರು?’ ಎಂಬ ಪ್ರಶ್ನೆಗೆ ಎರಡೂ ರಾಜ್ಯದ ಪಟ್ಟಿಗಳಲ್ಲಿ ಕಾಲಂ ಇಲ್ಲ.

ಲೆಕ್ಕ ತೆರೆದಿಟ್ಟು ಹೋದವನು

ಹೋದವರು ಹೋದಲ್ಲಿಯೇ ಉಳಿಯಬೇಕೆಂದು ಯಾರೂ ಹೇಳುವುದಿಲ್ಲ. ಹಾಗೆ ಉಳಿದವರೂ ಇದ್ದಾರೆ. ಕೋಟ್ಟಯಂ ಜಿಲ್ಲೆಯ ಪಾಲಾ ಕಡೆಯ ಮೆರ್ಸಿ ಮ್ಯಾಥ್ಯೂ ಎಂಬ ಹುಡುಗಿ ಕನ್ಯಾಸ್ತ್ರೀಯಾಗಲು ಹಜಾರಿಬಾಗಿನ ಮಠ ಸೇರಿ, ಗೋಡೆಯೊಳಗೆ ಕೂತು ಸೇವೆ ಆಗದೆಂದು ಹೊರಬಿದ್ದರು. ಮಧ್ಯಪ್ರದೇಶದ ಛಿಂದ್ವಾಡದ ಗೊಂಡ ಆದಿವಾಸಿಗಳ ಮಧ್ಯೆ ಅವರಂತೆಯೇ ಉಟ್ಟು, ಉಂಡು, ದಯಾಬಾಯಿ ಎಂಬ ಹೆಸರಾದರು. 2022ರ ಅಕ್ಟೋಬರಿನಲ್ಲಿ, ಎಂಬತ್ತು ದಾಟಿದ ಪ್ರಾಯದಲ್ಲಿ, ಕಾಸರಗೋಡಿನ ಎಂಡೋಸಲ್ಫಾನ್ ಸಂತ್ರಸ್ತರಿಗೆ ಚಿಕಿತ್ಸೆಯ ಸೌಕರ್ಯ ಕೇಳಿ ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ಎರಡು ವಾರಕ್ಕೂ ಮಿಕ್ಕಿ ಉಪವಾಸ ಕೂತರು. ಇಚಿಲಂಪಾಡಿ ಕಡೆಯ ಎಷ್ಟೋ ಮನೆಗಳ ಅಜ್ಜಂದಿರು ಗುಳೆ ಹೊರಟದ್ದು ಇದೇ ಮಧ್ಯ ತಿರುವಾಂಕೂರಿನಿಂದ.

ಎಲ್ಲರೂ ದಯಾಬಾಯಿ ಆಗಲಾರರು. ಅಂಗಡಿ ಇದೆ, ರಬ್ಬರಿಗೆ ಬೆಳಗ್ಗೆ ಕತ್ತಿ ಹಾಕಬೇಕು, ಪರೀಕ್ಷೆ ಇದೆ. ಅಂಥವರಿಗಾಗಿಯೇ ಚರ್ಚಿನಲ್ಲಿ ಪ್ರತಿ ವರ್ಷ ಓದುವ ಒಂದು ಕಥೆ ಉಂಟು, ಒಳ್ಳೆಯ ಸಮಾರ್ಯದವನದು. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಅವನು ಛತ್ರಕ್ಕೆ ಸೇರಿಸಿದ ಎಂಬುದು ಎಲ್ಲರಿಗೂ ನೆನಪಿರುತ್ತದೆ. ಮುಂದಿನದನ್ನು ಮರೆಯುತ್ತಾರೆ. ಅವನು ಅಲ್ಲಿ ಉಳಿಯಲಿಲ್ಲ, ಮರುದಿನ ತನ್ನ ಕೆಲಸಕ್ಕೆ ಹೋದ. ಹೋಗುವಾಗ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ವಾಪಸು ಬರುವಾಗ ಕೊಡುತ್ತೇನೆ ಎಂದ. ಎಂದರೆ ಲೆಕ್ಕ ಮುಗಿಸಲಿಲ್ಲ, ತೆರೆದಿಟ್ಟು ಹೋದ. ಅಂಗಡಿಯವರಿಗೆ ಈ ಮಾತಿನ ತೂಕ ಚೆನ್ನಾಗಿ ಗೊತ್ತು. ಮತ್ತೆ ಬರುವ ಗಿರಾಕಿಗೆ ಮಾತ್ರ ಖಾತೆ ತೆರೆಯುತ್ತಾರೆ.

ಇನ್ನು ಮುಂದೆ ಯಾವುದಾದರೂ ಸಂಘ ಗಡಿಯ ಹಳ್ಳಿಗೆ ಬಸ್ಸು ಗೊತ್ತು ಮಾಡುವಾಗ ಡ್ರೈವರನಿಗೆ ಮೊದಲು ಕೊಕ್ಕಡದ ದಾರಿ ಹೇಳಲಿ. ಆಮೇಲೆ ಸ್ವರ್ಗಕ್ಕೆ ಹೋಗುವುದಾದರೆ ಮಲಯಾಳ ಓದುವ ಒಬ್ಬ ಅಜ್ಜನನ್ನೂ ಹತ್ತಿಸಿಕೊಳ್ಳಲಿ. ಕ್ಯಾಮರಾ ಚೀಲದಲ್ಲೇ ಇರಲಿ. ಹೊರಡುವ ಮೊದಲು ಆ ಮನೆಯವರಿಗೆ ಮುಂದಿನ ಸಲ ಬರುವ ತಾರೀಕು ಹೇಳಲಿ, ಹೇಳಿದ ತಾರೀಕಿಗೆ ಹೋಗಲಿ.